24 ಇಂಚಿನ ಮಗ್ಗದಲ್ಲಿ ಅಗಲದ ಪಂಚೆ, ಅದೂ ಅಂಚು-ಬುಟ್ಟಾ ಸಮೇತ: ಆಗುತ್ತಾ?

ಕಿರುಮಗ್ಗ (ಚಿಕ್ಕಬಳ್ಳಾಪುರ)
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಮೇಜಿನ ಮೇಲೆ ಇಡುವ ಪುಟ್ಟ ಮಗ್ಗ. ನೇಯುವ ಅಗಲ 24 ಇಂಚು, ನಾಲ್ಕು ಶಾಫ್ಟ್ (ಎಳೆಗಳನ್ನು ಗುಂಪಾಗಿ ಎತ್ತುವ ಚೌಕಟ್ಟು), ಕಾಲಲ್ಲಿ ತುಳಿಯುವುದೇನೂ ಇಲ್ಲ, ಎಲ್ಲ ಕೈಯಲ್ಲಿ ಎಳೆಯುವ ಲಿವರ್. ಇಷ್ಟು ದಿನ ಟವೆಲ್, ಚೀಲ, ಒಂದೆರಡು ಶಾಲು ನೇಯ್ದುಕೊಂಡು ತೆಪ್ಪಗಿದ್ದೆ. ಈಗ ನಮ್ಮೂರಿನ ಹುಡುಗರು ಕೃಷ್ಣದೇವರಾಯನ ನಾಟಕ ಆಡುತ್ತಿದ್ದಾರೆ. ರಾಯನ ಬಟ್ಟೆ ನಾನೇ ನೇಯ್ದು ಕೊಡುತ್ತೇನೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ.

ಹೇಳಿದ ಮೇಲೆ ಸುಮ್ನೆ ಕೂರುವುದು ಹೇಗೆ? ಕಳೆದ ಭಾನುವಾರ ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಎಡಕ್ಕೆ ತಿರುಗಿ ಲೇಪಾಕ್ಷಿಗೆ ಹೋಗಿ ಬಂದೆ. ವೀರಭದ್ರ ಗುಡಿಯ ಚಾವಣಿ ಚಿತ್ರಗಳು ಅಚ್ಯುತರಾಯನ ಕಾಲದವು, ಅಂದರೆ ಕೃಷ್ಣದೇವರಾಯ ಹೋದ ಸ್ವಲ್ಪ ವರ್ಷಕ್ಕೇ ಬರೆದವು. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ಉದ್ದ ಕುಳ್ಳಾಯಿ ಟೋಪಿ, ಪಟ್ಟೆ, ಚೌಕಳಿ, ಹೂವು, ಅಗಲ ಅಂಚು, ಏನುಂಟು ಏನಿಲ್ಲ. ಇನ್ನೊಂದು ಕಡೆ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ರಾಯ ಬಿಳಿ ಬಟ್ಟೆ ಉಟ್ಟಿದ್ದ, ಅದರ ತುಂಬ ಚಿನ್ನದ ಗುಲಾಬಿ ಹೂಗಳಿದ್ದವು, ತಲೆಗೆ ಜರಿಯ ಟೋಪಿ, ಕಾಲಿಗೆ ಏನೂ ಇಲ್ಲ ಅಂತ ಬರೆದಿದ್ದಾನೆ. ಬರಿಗಾಲು ಅಂದದ್ದು ನನಗೆ ದೊಡ್ಡ ಉಪಕಾರ, ಚಪ್ಪಲಿ ಖರ್ಚು ಉಳಿಯಿತು.

ಬೇಕಾಗಿರುವುದು ಎರಡು. ಹೂ ಬುಟ್ಟಾ ಇರುವ ಬಿಳಿ ಕಬಾಯಿ (ಉದ್ದ ನಿಲುವಂಗಿ), ಮತ್ತೆ ಕೆಂಪು ಅಂಚಿನ 4 ಮೀಟರ್ ಪಂಚೆ. ಪಂಚೆ ಕಡಿಮೆ ಅಂದರೂ 42 ಇಂಚು ಅಗಲ ಇರಬೇಕು. ನನ್ನ ಮಗ್ಗ 24. ದಾರಿ ಇದೆಯಾ?

ರಂಗದ ಹಿಂದೆ (ಗುಬ್ಬಿ)
ನಾಟಕ ಅಂದರೆ ನಮ್ಮೂರು, ಹಾಗಾಗಿ ಬಾಯಿ ಹಾಕುತ್ತೇನೆ, ಬೇಜಾರು ಮಾಡ್ಕೋಬೇಡಿ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅವತ್ತಿನಿಂದ ಈ ಊರಲ್ಲಿ ರಾಜರ ಬಟ್ಟೆ ಹೊಲಿದವರು ಎಷ್ಟೋ ಜನ. ಹತ್ತನೇ ಸಾಲಿನಲ್ಲಿ ಕೂತವನಿಗೆ ಕಾಣುವುದು ಬಣ್ಣ, ಹೊಳಪು, ನೆರಿಗೆ, ಅಷ್ಟೇ. ಕೈಯಲ್ಲಿ ನೇಯ್ದದ್ದೋ ಪೇಟೆಯದ್ದೋ ಅಂತ ಯಾರೂ ಕೇಳಲ್ಲ. ಅಂಗಡಿಯಲ್ಲಿ ಒಳ್ಳೇ ಹತ್ತಿ ಪಂಚೆ ತಗೊಳ್ಳಿ, ಅಂಚಿಗೆ ಲೇಸ್ ಹೊಡೆಯಿರಿ, ಮುಗೀತು.

ಕಿರುಮಗ್ಗ
ಅಣ್ಣ, ನೀವು ಹೇಳುವುದು ನೂರಕ್ಕೆ ನೂರು ಸರಿ. ಆದರೆ ನನಗೆ ನಾಟಕ ಒಂದು ನೆಪ. ಇದನ್ನು ನೇಯಬೇಕು ಅನ್ನುವುದೇ ಆಸೆ. ಲೇಸ್ ವಿಷಯ ಮಾತ್ರ ನಮ್ಮ ಹುಡುಗರ ಕಿವಿಗೆ ಬೀಳಿಸಬೇಡಿ.

ಹೊಸಕೋಟೆ ನೇಕಾರ (ವೈ.ಎನ್. ಹೊಸಕೋಟೆ, ಪಾವಗಡ)
ಮನೆತನದ ಕಸುಬು ನಮ್ಮದು, ರೇಷ್ಮೆ ಸೀರೆ ನೇಯುತ್ತೇವೆ. ನೇರವಾಗಿ ಹೇಳ್ತೀನಿ. 48 ಇಂಚಿನ ಕುಣಿ ಮಗ್ಗ (ಗುಂಡಿ ಮಗ್ಗ) ಇರುವವರ ಹತ್ತಿರ ಹೋಗಿ, ನೇಯಿಸಿಕೊಳ್ಳಿ. ಪುಟ್ಟ ಮಗ್ಗದಲ್ಲಿ ಅಗಲ ಬಟ್ಟೆ ಅಂದರೆ ಸೌಟಿನಲ್ಲಿ ಕೆರೆ ತುಂಬಿಸಿದ ಹಾಗೆ.

ಅಗಲ ಅನ್ನುವುದು ಮೊದಲಿಂದಲೂ ಕೈಯ ಲೆಕ್ಕ. ಅಡ್ಡ ನೂಲು ಒಯ್ಯುವ ಲಾಳಿಯನ್ನು ಈ ಕೈಯಿಂದ ಎಸೆದು ಆ ಕೈಯಲ್ಲಿ ಹಿಡಿಯಬೇಕು. ಇಂಗ್ಲೆಂಡಿನಲ್ಲಿ ಅಗಲ ಉಣ್ಣೆ ಬಟ್ಟೆಗೆ ಒಂದೇ ಮಗ್ಗಕ್ಕೆ ಇಬ್ಬರು ಕೂರುತ್ತಿದ್ದರು. 1733ರಲ್ಲಿ ಜಾನ್ ಕೇ ಹಗ್ಗ ಎಳೆದರೆ ಓಡುವ ಲಾಳಿ ಮಾಡಿದ ಮೇಲೆ ಒಬ್ಬನೇ ಸಾಕಾದ. ನಿಮ್ಮದು ಮೇಜಿನ ಮಗ್ಗ, ಹಗ್ಗದ ಲಾಳಿಯೂ ಇಲ್ಲ. ಸುಮ್ನೆ ಯಾಕೆ ಕಷ್ಟ?

ಕೋಲಾರದ ಸೂಜಿ (ಕೋಲಾರ)
ನಾನು ಟೈಲರ್. ಒಂದು ವಿಷಯ ಎಲ್ಲರೂ ಮರೆತ ಹಾಗಿದೆ. ಕಬಾಯಿಗೆ ಅಗಲ ಬಟ್ಟೆ ಬೇಕಾಗಿಯೇ ಇಲ್ಲ! ಅದು ಹೊಲಿದ ಉಡುಪು. ಎದೆಗೆ ಎರಡು ಪಟ್ಟಿ, ಬೆನ್ನಿಗೆ ಒಂದು, ಪಕ್ಕಕ್ಕೆ ಕಲಿ (ಓರೆ ತುಂಡು), ತೋಳು ಬೇರೆ. 24 ಇಂಚು ಧಾರಾಳವಾಯಿತು. ಹಳೇ ಕಾಲದ ಹೊಲಿದ ಬಟ್ಟೆ ನೋಡಿ, ಯಾವ ದೇಶದ್ದಾದರೂ ಸರಿ, ತುಂಡು ಜಾಸ್ತಿ, ಕಲಿ ಜಾಸ್ತಿ. ಮಗ್ಗದ ಅಗಲ ಎಷ್ಟಿತ್ತೋ ಅದಕ್ಕೆ ತಕ್ಕ ಹಾಗೆ ಕತ್ತರಿ ಓಡುತ್ತಿತ್ತು, ಒಂದು ಚೂರೂ ಬಿಸಾಡುತ್ತಿರಲಿಲ್ಲ. ಈಗ ನಾವು 58 ಇಂಚಿನ ಥಾನು ಹಾಸಿಕೊಂಡು ಕತ್ತರಿಸಿ, ಹೊಲಿಗೆ ಕಂಡರೆ ತಪ್ಪು ಅಂದುಕೊಳ್ಳುತ್ತೇವೆ. ಹಳೇ ಉಡುಪಿಗೆ ಹೊಲಿಗೆಯೇ ಚೆಂದ.

ಪಂಚೆ ಬೇರೆ ಕಥೆ. ಅದನ್ನು ಹೊಲಿಯಲ್ಲ, ಉಡುತ್ತಾರೆ. ಅಲ್ಲಿ ಮಾತ್ರ ನಿಮಗೆ ಅಗಲ ಬೇಕು.

ಹಳೇ ಕಂಬಳಿ (ಚಿಕ್ಕನಾಯಕನಹಳ್ಳಿ)
ಪಂಚೆಗೂ ಹೊಲಿಗೆ ಹಾಕಿದರೆ ಏನಾಗುತ್ತೆ? ನಮ್ಮಜ್ಜನ ಕಂಬಳಿ ಎರಡು ಪಟ್ಟಿ ನೇಯ್ದು ನಡುವೆ ಕೂಡಿಸಿದ್ದು. ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ಬಟ್ಟೆ ಅದು. ಮಳೆಯಲ್ಲಿ ತಲೆ ಮೇಲೆ ಹೊದ್ದುಕೊಂಡು ಕುರಿ ಕಾಯ್ದವನು ಅಜ್ಜ, ನಡುವಿನ ಹೊಲಿಗೆ ಬಿಚ್ಚಿದ್ದು ನಾನು ನೋಡಿಲ್ಲ. ಒಂದೊಂದು ಪಟ್ಟಿಗೆ ಒಂದೇ ಬದಿ ಅಂಚು ಬರಲಿ. ಅಂಚಿಲ್ಲದ ಬದಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೈಹೊಲಿಗೆ ಹಾಕಿ.

ಕಿರುಮಗ್ಗ
ಕಬಾಯಿ ವಿಷಯ ತಲೆಗೆ ಹೊಳೆದೇ ಇರಲಿಲ್ಲ, ತುಂಬ ಥ್ಯಾಂಕ್ಸ್. ಅರ್ಧ ಭಾರ ಇಳಿಯಿತು. ಪಂಚೆಗೆ ಹೊಲಿಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಕಂಬಳಿ ದಪ್ಪ, ಅಲ್ಲಿ ನಡೆಯುತ್ತೆ. ತೆಳು ಹತ್ತಿಯಲ್ಲಿ ಕಚ್ಚೆ ಹಾಕಿ ನೆರಿಗೆ ಹಿಡಿದರೆ ಹೊಲಿಗೆ ಸೆಟೆದು ನಿಲ್ಲುತ್ತೆ. ಒಂದು ಹಳೇ ಪಂಚೆ ಸೀಳಿ, ಹೊಲಿದು ನೋಡಿದೆ. ನೆರಿಗೆ ಮೊಂಡು ಹಿಡಿದ ಮಗು ಥರ ಒಂದು ಕಡೆ ಬಾಗಲ್ಲ. ಎರಡು ಪದರ ನೇಯ್ದರೆ ದುಪ್ಪಟ್ಟು ಅಗಲ ಬರುತ್ತೆ ಅಂತ ಯಾರೋ ಹೇಳಿದ್ದರು. ಮಾಡಿದವರು ಇದ್ದೀರಾ?

ದೋಸೆ ಮಡಿಕೆ (ತುಮಕೂರು)
ನಾನು ಮಾಡಿದ್ದೇನೆ, ಹೊದಿಕೆಗೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಓದಿ.

ಮಡಿಚಿದ ದೋಸೆ ನೆನಪಿಸಿಕೊಳ್ಳಿ. ಮೇಲೊಂದು ಪದರ, ಕೆಳಗೊಂದು ಪದರ, ಒಂದು ಕಡೆ ಕೂಡಿಕೊಂಡಿದೆ, ಇನ್ನೊಂದು ಕಡೆ ಬಾಯಿ ತೆರೆದಿದೆ. ಮಗ್ಗದ ಮೇಲೆ ಬಟ್ಟೆ ಹಾಗೇ ಬರುತ್ತೆ. ಇಳಿಸಿ ಬಿಡಿಸಿದರೆ ದುಪ್ಪಟ್ಟು ಅಗಲ.

ನಿಮ್ಮ ನಾಲ್ಕು ಶಾಫ್ಟ್ ಸಾಕು. ಹಾಸಿನ ಎಳೆ (ಉದ್ದಕ್ಕೆ ಹಾಯುವ ಎಳೆ) 1-2-3-4, 1-2-3-4 ಅಂತ ಸೀದಾ ಪೋಣಿಸಿ. 1 ಮತ್ತು 3 ಮೇಲಿನ ಪದರ, 2 ಮತ್ತು 4 ಕೆಳಗಿನದು. ಬಾಯಿ ಬಲಕ್ಕಿದೆ ಅಂದುಕೊಳ್ಳೋಣ. ಲಾಳಿ ಬಲದಿಂದ ಹೊರಡುತ್ತೆ. 1 ಎತ್ತಿ, ಮೇಲಿನ ಪದರದಲ್ಲಿ ಎಡಕ್ಕೆ ಬಿಡಿ. 1-2-3 ಎತ್ತಿ, ಕೆಳಗಿನ ಪದರದಲ್ಲಿ ಬಲಕ್ಕೆ. 1-3-4 ಎತ್ತಿ, ಮತ್ತೆ ಕೆಳಗಿನದರಲ್ಲೇ ಎಡಕ್ಕೆ. ಕೊನೆಗೆ 3 ಎತ್ತಿ, ಮೇಲಿನದರಲ್ಲಿ ಬಲಕ್ಕೆ. ಮೇಲೆ, ಕೆಳಗೆ, ಕೆಳಗೆ, ಮೇಲೆ. ಲಾಳಿ ಪದರ ಬದಲಿಸುವುದು ಎಡಗಡೆ ಮಡಿಕೆಯಲ್ಲಿ ಮಾತ್ರ, ಅದಕ್ಕೇ ಬಲಗಡೆ ಬಾಯಿ ತೆರೆದೇ ಇರುತ್ತೆ. ಕೆಳಗಿನ ಪದರ ನೇಯುವಾಗ 1 ಮತ್ತು 3 ಎರಡೂ ಎತ್ತಿರಲೇಬೇಕು, ಇದನ್ನು ಗೋಡೆ ಮೇಲೆ ಬರೆದು ಅಂಟಿಸಿ.

ಇನ್ನು ಮಡಿಕೆ. ಎಲ್ಲರೂ ಅಳುವುದು ಇಲ್ಲೇ. ಹೊಕ್ಕು (ಅಡ್ಡಕ್ಕೆ ಹಾಯುವ ನೂಲು) ತಿರುಗುವಾಗ ಅಲ್ಲಿನ ಎಳೆಗಳನ್ನು ಒಳಕ್ಕೆ ಎಳೆಯುತ್ತೆ, ಅವು ಒತ್ತೊತ್ತಾಗುತ್ತವೆ, ಬಿಡಿಸಿದಾಗ ಬಟ್ಟೆ ನಡುವೆ ಬೈತಲೆ ತೆಗೆದ ಹಾಗೆ ಗೆರೆ. ಅದಕ್ಕೆ ಮೀನಿನ ಗಾಳದ ನೈಲಾನ್ ದಾರ ಒಂದನ್ನು ಮಡಿಕೆಯ ತುದಿಯಲ್ಲಿ ಬಿಡಿ. ಯಾವ ಶಾಫ್ಟಿಗೂ ಕಟ್ಟಬೇಡಿ, ಹಿಂದೆ ನೀರಿನ ಬಾಟಲಿ ನೇತು ಹಾಕಿ ಬಿಗಿ ಇಡಿ. ಹೊಕ್ಕು ಅದನ್ನು ಸುತ್ತಿಕೊಂಡು ತಿರುಗುತ್ತೆ, ಎಳೆಗಳನ್ನು ಒಳಗೆ ಎಳೆಯಲು ಆಗಲ್ಲ. ನೇಯ್ದು ಮುಗಿದ ಮೇಲೆ ದಾರ ಎಳೆದು ತೆಗೆದರಾಯಿತು. ಎಳೆ ಹಾಯುವ ಬಾಚಣಿಗೆಯಲ್ಲಿ ಮಡಿಕೆ ಪಕ್ಕದ ಎರಡು ಮೂರು ಕಿಂಡಿಗಳಲ್ಲಿ ಎಳೆ ಸ್ವಲ್ಪ ಕಡಿಮೆ ಮಾಡಿದರೆ ಇನ್ನೂ ಒಳ್ಳೇದು.

24ರ ಎರಡರಷ್ಟು 48. ಆದರೆ 48 ಸಿಗಲ್ಲ. ನೇಯುವಾಗ ಒಂದಿಷ್ಟು ಕುಗ್ಗುತ್ತೆ, ಒಗೆದಾಗ ಇನ್ನೊಂದಿಷ್ಟು. 42-43 ಸಿಕ್ಕರೆ ಖುಷಿ ಪಡಿ.

ಹೊಸಕೋಟೆ ನೇಕಾರ
ಒಪ್ಪಿದೆ, ಲೆಕ್ಕ ಸರಿ ಇದೆ. ಸೌಟಿನ ಮಾತು ವಾಪಸ್ ತಗೊಂಡೆ.

ನೂಲು 2/20 ಹತ್ತಿ ಹಾಕಿ, ಅಂದರೆ 20 ನಂಬರಿನ ಎರಡೆಳೆ ಹೊಸೆದದ್ದು. ಒಂದು ಪದರಕ್ಕೆ ಇಂಚಿಗೆ 30 ಎಳೆ, ಎರಡೂ ಸೇರಿ 60. ಅಚ್ಚು 60 ನಂಬರ್ ತಗೊಳ್ಳಿ. ನಂಬರ್ ಅಂದರೆ ಎರಡು ಇಂಚಿನಲ್ಲಿರುವ ಕಿಂಡಿಗಳ ಲೆಕ್ಕ, ಹೊಸಬರು ಒಂದು ಇಂಚಿಗೆ ಅಂದುಕೊಂಡು ಅಂಗಡಿಯಲ್ಲಿ ತಪ್ಪು ಕೊಂಡು ಬರುತ್ತಾರೆ. ಕಿಂಡಿಗೆ ಎರಡು ಎಳೆ, ಮೇಲಿನದೊಂದು ಕೆಳಗಿನದೊಂದು.

ಹಾಸಿನ ಎಳೆಗೆ ಅಕ್ಕಿ ಗಂಜಿ ಕೊಡದೆ ಮಗ್ಗಕ್ಕೆ ಏರಿಸಲೇಬೇಡಿ. ಇಂಚಿಗೆ 60 ಹತ್ತಿ ಎಳೆ ಅಂದರೆ ಜುಂಗು ಜುಂಗು ಅಂಟಿಕೊಳ್ಳುತ್ತೆ, ಲಾಳಿಗೆ ದಾರಿ ಬಿಡಲ್ಲ.

ಕೋಲಾರದ ಸೂಜಿ
ಒಂದು ನಿಮಿಷ. ಅಚ್ಚು ಅಂದರೆ ಬಟ್ಟೆ ಮೇಲೆ ಬಣ್ಣ ಒತ್ತುವ ಮರದ ಅಚ್ಚು ಅಲ್ವಾ? ಅದಕ್ಕೆಂಥ 60 ನಂಬರ್?

ಹೊಸಕೋಟೆ ನೇಕಾರ
ನಮ್ಮ ಕಡೆ ಹಣಿಗೆಗೆ ಅಚ್ಚು ಅಂತೀವಿ. ಎಳೆ ಹಾಯುವ, ಹೊಕ್ಕು ತಟ್ಟುವ ಬಾಚಣಿಗೆ.

ಕಿರುಮಗ್ಗ
ರಾತ್ರಿ ಕೂತು ಲೆಕ್ಕ ಹಾಕಿದೆ. 24 ಇಂಚಿಗೆ 60ರಂತೆ 1,440 ಎಳೆ. ಶಾಫ್ಟಿಗೆ 360 ಹೆಡಲ್ (ಎಳೆ ಪೋಣಿಸುವ ಕಣ್ಣು), ನನ್ನ ಮಗ್ಗದಲ್ಲಿ ಇರುವುದು ಶಾಫ್ಟಿಗೆ ನೂರು ಮಾತ್ರ, ಉಳಿದದ್ದು ದಾರದಲ್ಲಿ ಕಟ್ಟಿಕೊಳ್ಳಬೇಕು. ಹಾಸು 5 ಮೀಟರ್ ಹಿಡಿದರೆ ನೂಲು 7,200 ಮೀಟರ್. ಹೊಕ್ಕೂ ಇಂಚಿಗೆ 60ರಂತೆ, 4 ಮೀಟರ್ ಬಟ್ಟೆಗೆ ಲಾಳಿ ಓಡಬೇಕಾದದ್ದು ಸುಮಾರು 9,400 ಸಲ!! ಎಲ್ಲ ಸೇರಿ ನೂಲು ಮುಕ್ಕಾಲು ಕೆಜಿ ಮೇಲೆ ಸ್ವಲ್ಪ. ನೂಲಿಗೆ ದುಡ್ಡು ಕಡಿಮೆ, ತೋಳಿಗೆ ಕೆಲಸ ಜಾಸ್ತಿ.

ಅಂಚು ಹೇಗೆ ಬರುತ್ತೆ ಅನ್ನುವುದು ಮಾತ್ರ ತಲೆಗೆ ಹತ್ತುತ್ತಿಲ್ಲ. ಎಡಕ್ಕೊಂದು ಬಲಕ್ಕೊಂದು ಹಾಕಿದರೆ ಎಡಗಡೆಯದು ಬಟ್ಟೆಯ ನಡುವೆ ಬರುತ್ತಲ್ಲ?

ದೋಸೆ ಮಡಿಕೆ
ಅದೇ ಇದರ ಮಜಾ. ಬಿಡಿಸಿದ ಬಟ್ಟೆಯ ಎರಡು ಅಂಚೂ ಮಗ್ಗದ ಮೇಲೆ ಒಂದೇ ಕಡೆ ಇರುತ್ತವೆ, ಬಾಯಿ ಇರುವ ಕಡೆ, ಒಂದರ ಮೇಲೊಂದು. 3 ಇಂಚಿನ ಅಂಚು ಬೇಕಾ? ಬಲತುದಿಯ 180 ಎಳೆ ಕೆಂಪು ಹಾಕಿ, ಉಳಿದ 1,260 ಬಿಳಿ. ಎರಡು ಕಡೆಗೂ ಅಂಚು ಬಂದಾಯಿತು. ಸೆರಗಿಗೆ ಅಡ್ಡಪಟ್ಟೆ ಬೇಕಾದರೆ ಹೊಕ್ಕಿನ ಬಣ್ಣ ಬದಲಿಸಿ, ಅದೂ ಪೂರ್ತಿ ಅಗಲಕ್ಕೆ ತಾನಾಗಿ ಬರುತ್ತೆ. ಪಟ್ಟೆ, ಚೌಕಳಿ ಎಲ್ಲ ಬಿಟ್ಟಿ.

ಕಷ್ಟ ಇರುವುದು ನೇಯ್ಗೆಯಲ್ಲೇ ಮೂಡುವ ವಿನ್ಯಾಸಕ್ಕೆ. ಓರೆ ಗೆರೆಯ ಟ್ವಿಲ್ ಬೇಕು ಅಂದರೆ ಪದರಕ್ಕೆ ನಾಲ್ಕರಂತೆ ಎಂಟು ಶಾಫ್ಟ್ ಬೇಕು. ಅದರಲ್ಲೂ ಕೆಳಗಿನ ಪದರ ಬಿಡಿಸಿದಾಗ ಮಗುಚಿಕೊಳ್ಳುತ್ತೆ, ಆದ್ದರಿಂದ ಅದರ ಎತ್ತುವ ಕ್ರಮ ತಿರುಗಿಸದಿದ್ದರೆ ಓರೆ ಗೆರೆಗಳು ನಡುವೆ ಬಾಣದ ತುದಿ ಥರ ಸೇರುತ್ತವೆ. ಬುಟ್ಟಾ ಅಂತೂ ಕೇಳಲೇಬೇಡಿ. ಮೇಲಿನ ಪದರಕ್ಕೆ ಹಾಕಬಹುದು, ಕೆಳಗಿನದು ಕಣ್ಣಿಗೇ ಕಾಣಲ್ಲ, ಹೂವು ಎಲ್ಲಿ ಬಿತ್ತು ಅಂತ ಗೊತ್ತಾಗುವುದು ಇಳಿಸಿದ ಮೇಲೆ.

ಹೊಸಕೋಟೆ ನೇಕಾರ
ಮೈ ಪೂರ್ತಿ ಬಿಳಿ ಅಂದರೆ ಮಡಿಕೆ ಗೆರೆ ಎದ್ದು ಕಾಣುತ್ತೆ, ಈಗಲೇ ಹೇಳಿರುತ್ತೇನೆ. ಚೌಕಳಿ ಹಾಕಿದರೆ ಗೆರೆಗಳ ಜೊತೆ ಅದೂ ಒಂದು ಗೆರೆಯಾಗಿ ಬಚ್ಚಿಟ್ಟುಕೊಳ್ಳುತ್ತೆ.

ಗೂಡು-ನೂಲು (ಶಿಡ್ಲಘಟ್ಟ)
ರಾಯನಿಗೆ ಹತ್ತಿ ಉಡಿಸುತ್ತೀರಾ? ಪಕ್ಕದಲ್ಲೇ ಶಿಡ್ಲಘಟ್ಟ ಇಟ್ಟುಕೊಂಡು? ರೇಷ್ಮೆಗೆ ಜುಂಗು ಇಲ್ಲ, ಎರಡು ಪದರ ಸಲೀಸಾಗಿ ಬಿಟ್ಟುಕೊಳ್ಳುತ್ತೆ. ಒಂದೇ ಎಚ್ಚರ. ಕಚ್ಚಾ ರೇಷ್ಮೆಯಲ್ಲಿ ಅಂಟು ಇರುತ್ತೆ, ಬೇಯಿಸಿ ತೆಗೆದರೆ ತೂಕದಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಹೋಗುತ್ತೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ತಂದರೆ ನೂಲು ಸಾಲಲ್ಲ.

ಕಿರುಮಗ್ಗ
ಆಸೆ ನನಗೂ ಇದೆ, ಜೇಬಿಗೆ ಇಲ್ಲ. ಕಬಾಯಿ ಬುಟ್ಟಾಗೆ ಹಳದಿ ರೇಷ್ಮೆ ತಗೊಳ್ಳುತ್ತೇನೆ. ಪಾಯೆಸ್ ಕಂಡ ಚಿನ್ನದ ಗುಲಾಬಿ ಕಸೂತಿ ಅಂತಲೇ ಓದಿದ ನೆನಪು, ಆದರೆ ನನ್ನ ಸೂಜಿ ಕೈ ದೇವರಿಗೇ ಪ್ರೀತಿ, ಮಗ್ಗದಲ್ಲೇ ಹಾಕುತ್ತೇನೆ. ಪಂಚೆ ಮೈ ಬಿಳಿಯೇ ಇರಲಿ ಅಂತ ತೀರ್ಮಾನಿಸಿದೆ. ಚೌಕಳಿ ಉಡಿಸಿದರೆ ರಾಯ ಸಂತೆಗೆ ಹೊರಟ ಹಾಗೆ ಕಾಣುತ್ತಾನೆ.

ಕೋಲಾರದ ಸೂಜಿ
ಬುಟ್ಟಾ ಹಾಕುವ ಮುಂಚೆ ನನ್ನ ಮಾತು ಕೇಳಿ. ಹೂವನ್ನು ಹೊಲಿಗೆ ಮೇಲೆ ತರಬೇಡಿ, ಅರ್ಧ ಹೂವಿಗೆ ಅರ್ಧ ಹೂವು ಕೂಡಿಸಲು ಹೋಗಿ ನಾನೇ ಎಷ್ಟೋ ಸಲ ಸೋತಿದ್ದೇನೆ. ಹೂವಿಂದ ಹೂವಿಗೆ 4 ಇಂಚು ಇಡುತ್ತೀರಾ? ಹಾಗಾದರೆ ಪಟ್ಟಿಯ ತುದಿಯಿಂದ ಮೊದಲ ಹೂವು ಎರಡೂವರೆ ಇಂಚು ದೂರ. ಅರ್ಧ ಇಂಚು ಹೊಲಿಗೆಯೊಳಗೆ ಹೋಗುತ್ತೆ, ಉಳಿದ ಎರಡು ಇಂಚು ಈ ಕಡೆ, ಎರಡು ಇಂಚು ಆ ಕಡೆ. ಹೊಲಿಗೆ ದಾಟಿದರೂ ಹೂವಿನ ನಡುವೆ 4 ಇಂಚೇ. ಸಾಲು ಸಾಲಾಗಿ ಮೇಲೆ ಕೆಳಗೆ ಆಗಬಾರದು ಅಂದರೆ ನೇಯುವಾಗ ಪ್ರತಿ 10 ಸೆಂಟಿಮೀಟರಿಗೆ ಅಂಚಿನಲ್ಲಿ ಬಣ್ಣದ ದಾರ ಕಟ್ಟಿ ಗುರುತು ಮಾಡಿ.

ಕಿರುಮಗ್ಗ
ಮೂರು ವಾರದ ನಂತರ ಬಂದಿದ್ದೇನೆ, ಅಳುತ್ತಾ.

ಎರಡು ಅಡಿ ಆಗಿತ್ತು. ಮೇಲಿನಿಂದ ನೋಡಿದರೆ ಮುತ್ತಿನಂಥ ನೇಯ್ಗೆ. ನಿನ್ನೆ ಸಂಜೆ ಸುಮ್ನೆ ಒಂದು ಉದ್ದ ಸ್ಕೇಲನ್ನು ಬಾಯಿ ಕಡೆಯಿಂದ ಎರಡು ಪದರದ ನಡುವೆ ತೂರಿಸಿದೆ. ಒಂದು ಕಡೆ ಟಕ್ ಅಂತ ನಿಂತಿತು. ತಳ್ಳಿದರೂ ಹೋಗಲ್ಲ. ಮೊಬೈಲ್ ಕ್ಯಾಮೆರಾ ಆನ್ ಮಾಡಿ ಮಗ್ಗದ ಕೆಳಗೆ ಇಟ್ಟು ವಿಡಿಯೋ ತೆಗೆದೆ. ಒಂದೇ ಒಂದು ಹೊಕ್ಕು, ಈ ತುದಿಯಿಂದ ಆ ತುದಿವರೆಗೆ, ಎರಡೂ ಪದರವನ್ನು ಸೇರಿಸಿ ಹೊಲಿದುಬಿಟ್ಟಿದೆ. 1-2-3 ಎತ್ತುವ ಕಡೆ 3 ಮರೆತು 1-2 ಮಾತ್ರ ಎತ್ತಿದ್ದೇನೆ. ಯಾವಾಗ ಅಂತಲೂ ಗೊತ್ತು. ಕರೆಂಟ್ ಹೋಯಿತು, ಗ್ಯಾಸ್ ಮೇಲೆ ಹಾಲು ಇತ್ತು, ಎದ್ದು ಓಡಿದೆ. ಹಾಲೂ ಉಕ್ಕಿತ್ತು, ಅದು ಬೇರೆ.

ಅಲ್ಲಿಂದ ಮುಂದೆ ಒಂದೂ ಕಾಲು ಅಡಿ ನೇಯ್ದಿದ್ದೇನೆ. ಬಿಚ್ಚಬೇಕು ಅಂದರೆ 900 ಹೊಕ್ಕು.

ಹೊಸಕೋಟೆ ನೇಕಾರ
ಬಿಚ್ಚಬೇಡಿ. ಗೋಡೆ ಮೇಲೆ ಬರೆದು ಅಂಟಿಸಿ ಅಂದಿದ್ದರಲ್ಲ, ಅಂಟಿಸಿರಲಿಲ್ಲ ಅಂತ ಕಾಣುತ್ತೆ. ಇರಲಿ.

ಬಟ್ಟೆ ಪೂರ್ತಿ ಮುಗಿಸಿ ಇಳಿಸಿ. ಆಮೇಲೆ ಆ ತಪ್ಪು ಹೊಕ್ಕನ್ನು ಪದರಗಳ ನಡುವೆ ಸಣ್ಣ ಕತ್ತರಿಯಲ್ಲಿ ನಾಲ್ಕು ನಾಲ್ಕು ಎಳೆಗೊಮ್ಮೆ ಕತ್ತರಿಸಿ ತುಂಡು ಹೆಕ್ಕಿ. ಹಾಸಿನ ಎಳೆಗೆ ಕತ್ತರಿ ತಾಗಿದರೆ ಕೆಟ್ಟಿರಿ, ಕನ್ನಡಕ ಹಾಕಿಕೊಂಡು ಕೂರಿ. ಪದರ ಬಿಟ್ಟುಕೊಂಡ ಮೇಲೆ, ಹೊಕ್ಕು ಇಲ್ಲದೆ ಖಾಲಿ ಬಿದ್ದ ಜಾಗದಲ್ಲಿ ಅದೇ ನೂಲು ಸೂಜಿಗೆ ಹಾಕಿ ಒಂದು ಮೇಲೆ ಒಂದು ಕೆಳಗೆ ಅಂತ ಹಾಯಿಸಿ. ಸೀರೆಯಲ್ಲಿ ಹೊಕ್ಕು ತಪ್ಪಿದರೆ ನಾವೂ ಹೀಗೇ ಮಾಡುವುದು. ಒಗೆದ ಮೇಲೆ ನಿಮಗೇ ಹುಡುಕಲು ಸಿಗಲ್ಲ.

ದೋಸೆ ಮಡಿಕೆ
ಇನ್ನು ಮುಂದೆ ಪ್ರತಿ ನಾಲ್ಕು ಇಂಚಿಗೊಮ್ಮೆ ಸ್ಕೇಲ್ ತೂರಿಸಿ ನೋಡಿ. ಹಾಲು ಇಟ್ಟು ಮಗ್ಗದ ಮುಂದೆ ಕೂರಬೇಡಿ.

ಹಳೇ ಕಂಬಳಿ
ಹೊಲಿದಿದ್ದರೆ ಇಷ್ಟೊತ್ತಿಗೆ ಉಟ್ಟು ಒಗೆದೂ ಆಗಿರುತ್ತಿತ್ತು. ಹೇಳಿದೆ ಅಷ್ಟೇ.

ಕಿರುಮಗ್ಗ
ಮುಗಿಯಿತು! ಇನ್ನೂ ಐದು ವಾರ ಹಿಡಿಯಿತು. ಇಳಿಸಿದ್ದು ನಿನ್ನೆ.

ಹಾಲ್‌ನಲ್ಲಿ ಚಾಪೆ ಹಾಸಿ, ಮೊದಲು ಗಾಳದ ದಾರ ಎಳೆದೆ. ಸರ್ರಂತ ಬಂತು, ಕೊನೆಯ ಒಂದು ಗೇಣು ಮಾತ್ರ ಹಟ ಮಾಡಿತು, ಅಲ್ಲಿ ಹೊಕ್ಕು ಬಿಗಿಯಾಗಿತ್ತು. ಆಮೇಲೆ ತಪ್ಪು ಹೊಕ್ಕು ಕತ್ತರಿಸುವ ಕೆಲಸ, ಅಮ್ಮ ಟಾರ್ಚ್ ಹಿಡಿದಿದ್ದರು, ಎರಡು ಗಂಟೆ. ಆಮೇಲೆ ಇಬ್ಬರೂ ಬಾಯಿ ಕಡೆಯ ಒಂದೊಂದು ಅಂಚು ಹಿಡಿದು ಬಿಡಿಸಿದೆವು. ಎರಡೂ ಕೆಂಪು ಅಂಚು ದೂರ ದೂರ ಹೋಗುತ್ತಾ ಹೋಗುತ್ತಾ ಹಾಲ್ ತುಂಬ ಬಿಳಿ ಬಟ್ಟೆ. ಇಷ್ಟು ಪುಟ್ಟ ಮಗ್ಗದಿಂದ ಇದು ಬಂತಾ ಅಂತ ಅಮ್ಮ ಮಗ್ಗದ ಹಿಂದೆ ಹೋಗಿ ನೋಡಿ ಬಂದರು.

ಬಿಸಿನೀರಲ್ಲಿ ಗಂಜಿ ಬಿಡಿಸಿ, ಒಣಗಿಸಿ ಅಳೆದೆ. 42 ಕಾಲು ಇಂಚು.

ಗೆರೆ ಇದೆ. ಸುಳ್ಳು ಹೇಳಲ್ಲ. ಮೊದಲ ಎರಡು ಅಡಿಯಲ್ಲಿ ಚೆನ್ನಾಗಿ ಕಾಣುತ್ತೆ, ಬಾಟಲಿಯಲ್ಲಿ ನೀರು ಕಡಿಮೆ ಇತ್ತು, ಅರ್ಧ ಲೀಟರಿನಿಂದ ಒಂದು ಲೀಟರಿಗೆ ಏರಿಸಿದ ಮೇಲೆ ತೆಳುವಾಗಿದೆ. ಉಟ್ಟಾಗ ಅದು ಸರಿಯಾಗಿ ಮಂಡಿ ಮೇಲೆ ಬರುತ್ತೆ. ಕಬಾಯಿಯ ಮೂರು ಪಟ್ಟಿ ಆಗಿದೆ, ಎರಡೂವರೆ ಇಂಚಿನ ಸೂತ್ರ ಕೆಲಸ ಮಾಡಿತು, ಸೂಜಿಯವರಿಗೆ ದೊಡ್ಡ ನಮಸ್ಕಾರ. ತೋಳು ಬಾಕಿ.

ರಂಗದ ಹಿಂದೆ
ಕಬಾಯಿ ಎಷ್ಟು ಉದ್ದ?

ಕಿರುಮಗ್ಗ
ಮಂಡಿಗಿಂತ ನಾಲ್ಕು ಬೆರಳು ಕೆಳಗೆ.

ರಂಗದ ಹಿಂದೆ
ಮತ್ತೆ ಗೆರೆ ಎಲ್ಲಿ ಕಾಣುತ್ತೆ ಮಾರಾಯ್ರೇ? ಮಡಿಕೆ ಗೆರೆ ಕಬಾಯಿ ಒಳಗೆ ಹೋಯಿತು. ನಾಟಕ ಯಾವತ್ತು ಅಂತ ಹೇಳಿ, ನಾನು ಮೊದಲನೇ ಸಾಲಿನಲ್ಲಿ ಕೂರುತ್ತೇನೆ.